ಎರಡನೇ ಎಡೆ

ಪಿತೃಪಕ್ಷದ ದಿನ ಚಿಕ್ಕತಾಯಮ್ಮ ಗಂಡನ ಫೋಟೊದ ಮುಂದೆ ಎಡೆ ಇಡುತ್ತಿದ್ದಳು. ಏಳೂರಿನ ಮುಲಾಮು ಹಚ್ಚಿದರೂ ಮಾಯದ ಕಾಲುಗಾಯಕ್ಕೆ ಬಟ್ಟೆ ಸುತ್ತಿಕೊಂಡು ಮಗ ಮರಿಸ್ವಾಮಿ ಕುಂಟುತ್ತಾ ಬಂದ. ಅಪ್ಪನ ಎಡೆಗೆಂದು ತಂದ ಬಾಟಲಿ ಆಗಲೇ ಅರ್ಧವಾಗಿತ್ತು.

“ಕುಡುದ್ರೆ ರೋಗ ತಡೆಯೋ ಸಕ್ತಿನೇ ಹೋಯ್ತದೆ, ಗಾಯ ಮಾಯಕ್ಕಿಲ್ಲ ಅಂದಿಲ್ವೇನ್ಲಾ ಡಾಕ್ಟ್ರು?”

“ಅವ್ರಿಗೇನು ಗೊತ್ತವ್ವ? ಇದು ಒಳಗೋದ್ರೆ ಕ್ರಿಮಿಯೆಲ್ಲ ಸತ್ತೋಯ್ತವೆ. ಅಪ್ಪ ದಿನಾ ಕುಡೀತಿದ್ದ, ಒಂದಿನ ಆಸ್ಪತ್ರೆ ಮೆಟ್ಲು ಹತ್ತಿದ್ನಾ?”

“ಹತ್ತಕ್ಕೆಲ್ಲಿ ಪುರುಸೊತ್ತು? ಮೂರೇ ದಿನದ ಜ್ವರಕ್ಕೆ ಹೊಂಟೋದ್ನಲ್ಲ!”

ಅವಳು ಪಕ್ಕದಲ್ಲೇ ಇನ್ನೊಂದು ಎಲೆ ಹಾಸಿ, ಮುದ್ದೆ, ಬಾಡಿನ ಸಾರು ಬಡಿಸಿದಳು.

“ಇದ್ಯಾರ್ಗವ್ವ?”

“ನಿಂಗೇ ಕಣ್ಲಾ. ಮುಂದಿನ ವರ್ಸ ಕೇಳಕ್ಕಾಗಕ್ಕಿಲ್ಲ, ಉಪ್ಪು ಖಾರ ಸರಿಯಾಗಿ ಅದಾ ಅಂತ ಈಗ್ಲೇ ಯೋಳ್ಬುಡು.”