ಜೋರು ಸದ್ದಿನ ಗುಂಡು

"ಮೊಲಕ್ಕೆ ಇದೇ ಸರಿ. ಹೊಡೆದದ್ದು ಪಕ್ಕದ ಮೊಲಕ್ಕೂ ಕೇಳಿಸಲ್ಲ," ಎನ್ನುತ್ತ ಬಂದೂಕಿನಂಗಡಿಯ ಮುದುಕ ಗುಂಡಿನ ಡಬ್ಬಿಯನ್ನು ಮುಂದಕ್ಕೆ ತಳ್ಳಿದ. ಪೂಣಚ್ಚ ಅದನ್ನು ಹಿಂದಕ್ಕೆ ತಳ್ಳಿದ. "ಇದು ಬೇಡ. ಇರೋದರಲ್ಲೇ ಜೋರು ಸದ್ದು ಮಾಡೋದು ಕೊಡು."

ಮುದುಕ ನಕ್ಕ. "ಅದನ್ನ ಹಾರಿಸಿದರೆ ಮೊಲಗಳೆಲ್ಲ ಬಿಲ ಸೇರ್ತವೆ ಮಾರಾಯ."

ಅಷ್ಟರಲ್ಲಿ ಈ ಪರದೇಶದ ರೌಸ್ ಹಿಲ್ ಬಡಾವಣೆಯ ಮನೆಯಿಂದ ಹೆಂಡತಿ ದೇಚಮ್ಮನ ಫೋನ್ ಬಂತು. "ಎಲ್ಲಿದ್ದೀರಿ? ಮಾವನ್ನ ತಗೊಂಡು ಹೋಗೋಕೆ ಫ್ಯೂನರಲ್ ವ್ಯಾನ್ ಬಂದು ನಿಂತಿದೆ. ಪಕ್ಕದ ಮನೆಯವಳು ವ್ಯಾನ್ ನೋಡಿ, ಹೊಸ ಫ್ರಿಜ್ ಬಂತಾ ಅಂತ ಕೇಳ್ತಿದ್ದಾಳೆ."

"ನಾನು ಬರೋತನಕ ವ್ಯಾನ್ ನಿಲ್ಲಿಸು," ಎಂದು ಫೋನ್ ಇಟ್ಟ ಪೂಣಚ್ಚ ಎರಡೂ ಕೈಯಲ್ಲಿ ಕೌಂಟರ್ ಹಿಡಿದುಕೊಂಡು ಮುದುಕನಿಗೆ ಹೇಳಿದ: "ಮೊಲಕ್ಕಲ್ಲ. ನಮ್ಮಪ್ಪ ಹೋದರು. ನಮ್ಮ ಕೊಡಗಲ್ಲಿ ಸಾವಾದರೆ ಆಕಾಶಕ್ಕೆ ಎರಡು ಗುಂಡು ಹಾರಿಸ್ತೀವಿ. ಕೇಳಿದವರು ಕೆಲಸ ಬಿಟ್ಟು ಓಡಿ ಬರ್ತಾರೆ. ಎರಡೇ ಎರಡು ಕೊಡು, ನಿನ್ನ ಕಾಲಿಗೆ ಬೀಳ್ತೀನಿ."

ಮುದುಕನ ನಗು ನಿಂತಿತು. ಅವನು ಡಬ್ಬಿಯ ಮೇಲೆ ಕೈ ಇಟ್ಟು ಮೆಲ್ಲಗೆ ಹೇಳಿದ: "ಮನೆಗಳ ಮಧ್ಯೆ ಹಾರಿಸಿದರೆ ಪೊಲೀಸರು ಬರ್ತಾರಪ್ಪ."

"ಬರಲಿ," ಎಂದ ಪೂಣಚ್ಚ. "ಯಾರಾದರೂ ಬರಲಿ."