ಐ ವನ್ ಕಸ್ತೂರಿ

ಕೈಯಲ್ಲಿರುವ ಚಹಾ ಆರಿದರೂ ಆರಲಿ... ಇದನ್ನೊಮ್ಮೆ ಪೂರ್ತಿ ಓದಿ.

ವಿಜಯಪುರದಲ್ಲಿ ಮಹಾನಂದಾ ಅಂತ ಒಬ್ಬ ಸೈಕ್ಲಿಂಗ್ ಕೋಚ್ ಇದ್ದರು. ವಯಸ್ಸು ಐವತ್ತರ ಹತ್ತಿರ. ಒಂದು ಕಾಲಕ್ಕೆ ರೋಡ್ ರೇಸ್‌ನಲ್ಲಿ ಇಡೀ ರಾಜ್ಯಕ್ಕೇ ಮೊದಲು ಬಂದವರು.

ಆ ಒಂದು ಗೆಲುವಿನಿಂದಲೇ ರೈಲ್ವೆ ನೌಕರಿ, ಹೆಸರು... ಎಲ್ಲವೂ ಸಿಕ್ಕಿತ್ತು.

ಈಗ ಪುಣೆಯಲ್ಲಿ ಕೋಚ್‌ಗಳ ದೊಡ್ಡ ಸಭೆ. ಅಲ್ಲಿ ತಮ್ಮ ಬಗ್ಗೆ ಇಂಗ್ಲಿಷ್‌ನಲ್ಲಿ ನಾಲ್ಕು ಮಾತಾಡಬೇಕು. ಎಂಥ ಏರು ರಸ್ತೆಗೂ ಹೆದರದ ಮಹಾನಂದಾಗೆ ಇದೊಂದಕ್ಕೆ ಎದೆ ಢವಢವ...

ಅದಕ್ಕೇ ಓಣಿಯ ಟೀಚರ್ ರೆಹಾನಾ ಹತ್ತಿರ ಪಾಠಕ್ಕೆ ಹೋಗತೊಡಗಿದರು. ರೆಹಾನಾ ಮಗಳ ವಯಸ್ಸಿನವಳು.

ಅವತ್ತಿನ ಪಾಠ, ಗೆಲ್ಲುವುದಕ್ಕೆ ಇಂಗ್ಲಿಷ್‌ನಲ್ಲಿ ಏನನ್ನಬೇಕು ಅಂತ. ವಿನ್... ವನ್.

"ನಿಮ್ಮ ಬಗ್ಗೇನ ಒಂದ್ ವಾಕ್ಯ ಮಾಡ್ರಿ ಅಕ್ಕಾರ," ಅಂದಳು ರೆಹಾನಾ.

ಮಹಾನಂದಾ ಬೆನ್ನು ನೆಟ್ಟಗೆ ಮಾಡಿಕೊಂಡು ಹೇಳಿದರು, "ಐ ವನ್ ಕಸ್ತೂರಿ!"

ರೆಹಾನಾಗೆ ನಗು ತಡೆಯಲಾಗಲಿಲ್ಲ. "ಹಂಗ ಬರೂದಿಲ್ರಿ. ಕನ್ನಡದಾಗ ಕಸ್ತೂರಿನ್ನ ಗೆದ್ದೆ ಅಂತೀವಿ, ಖರೆ. ಇಂಗ್ಲಿಷ್‌ನ್ಯಾಗ ರೇಸ್ ವಿನ್ ಆಗ್ತೀವಿ, ಕಪ್ ವಿನ್ ಆಗ್ತೀವಿ. ಎದುರಿಗಿದ್ದವರಿಗೆ ಬೀಟ್ ಅನ್ನಬೇಕ್ರಿ. ಐ ಬೀಟ್ ಕಸ್ತೂರಿ."

"ಬೀಟ್ ಅಂದ್ರ ಹೊಡಿಯೂದು ಅಲ್ಲೇನವಾ?"

"ಹೊಡಿಯೂದೂ ಹೌದು, ಸೋಲಿಸೂದೂ ಹೌದು. ಎರಡಕ್ಕೂ ಅದ ಶಬ್ದ."

ಮಹಾನಂದಾ ಮತ್ತೆ ಕೇಳಿದರು. "ಹಂಗಾದ್ರ ಮನಷ್ಯಾರನ್ನ ವಿನ್ ಆಗಾಕ ಬರೂದ ಇಲ್ಲೇನು?"

"ಬರತೈತ್ರಿ... ಅವರ ಮನಸ್ಸು ಗೆದ್ರ. ದೂರ ಆದವರು ಮತ್ತ ನಮ್ಮವರಾದ್ರ, ಆವಾಗೂ ಅನ್ನಬಹುದು."

ಪಾಠ ಅಲ್ಲಿಗೇ ನಿಂತಿತು. ರೆಹಾನಾ ಎಷ್ಟು ಹೇಳಿಕೊಟ್ಟರೂ "ಐ ಬೀಟ್ ಕಸ್ತೂರಿ" ಅನ್ನುವ ಮಾತು ಮಹಾನಂದಾ ಬಾಯಿಂದ ಹೊರಡಲಿಲ್ಲ.

ಕಸ್ತೂರಿ ಬೇರೆ ಯಾರೂ ಅಲ್ಲ... ಜೀವದ ಗೆಳತಿ. ನಸುಕಿನ ಮಂಜಿನಲ್ಲಿ ಸೊಲ್ಲಾಪುರ ರಸ್ತೆಯಲ್ಲಿ ಇಬ್ಬರೂ ಜೊತೆಯಾಗಿ ಪೆಡಲ್ ತುಳಿದವರು. ಗೋಳಗುಮ್ಮಟ ಹಿಂದೆ ಹಿಂದೆ ಸರಿದು ಮೋಡದಂತೆ ಕರಗುತ್ತಿತ್ತು...

ಆ ದೊಡ್ಡ ರೇಸ್‌ನಲ್ಲಿ ದಾರಿಯುದ್ದಕ್ಕೂ ಕಸ್ತೂರಿಯೇ ಮುಂದೆ. ಎದುರು ಗಾಳಿಯೆಲ್ಲ ಅವಳ ಎದೆಗೆ. ಅವಳ ಬೆನ್ನ ಮರೆಯಲ್ಲಿ ಗಾಳಿ ತಾಗದೆ, ದಣಿಯದೆ ಬಂದ ಮಹಾನಂದಾ, ಕೊನೆಯ ಗೆರೆ ಕಾಣುತ್ತಲೇ ಪಕ್ಕಕ್ಕೆ ಸರಿದು ಒಂದೇ ಒಂದು ಗಾಲಿಯಷ್ಟು ಮುಂದೆ ದಾಟಿದರು.

ಮೋಸವೇನಲ್ಲ... ಸೈಕಲ್ ರೇಸ್ ಇರುವುದೇ ಹಾಗೆ.

ಜನ ಮಹಾನಂದಾರನ್ನು ಹೆಗಲ ಮೇಲೆ ಹೊತ್ತು ಕುಣಿದರು. ಕಸ್ತೂರಿಗೆ ಮನೆಯವರು "ಸೈಕಲ್ ಸಾಕು" ಅಂದು ಇಂಡಿ ಕಡೆ ಮದುವೆ ಮಾಡಿಕೊಟ್ಟರು. ಅಲ್ಲಿಂದ ಇಬ್ಬರ ನಡುವೆ ಒಂದು ಮಾತೂ ಇಲ್ಲ.

ಮರುದಿನ ಬೆಳಿಗ್ಗೆಯೇ ಮಹಾನಂದಾ ಇಂಡಿ ಬಸ್ ಹತ್ತಿದರು.

ಕೇಳುತ್ತಾ ಕೇಳುತ್ತಾ ಆ ಮನೆ ಮುಟ್ಟಿದಾಗ ತೋಟದ ತುಂಬ ನಿಂಬೆ ಹೂವಿನ ವಾಸನೆ... ಅಂಗಳದಲ್ಲಿ ಹಣ್ಣಿನ ರಾಶಿಯ ಮುಂದೆ ಕಸ್ತೂರಿ ಕೂತಿದ್ದಳು. ಕೂದಲು ಅರ್ಧ ಬೆಳ್ಳಗಾಗಿತ್ತು.

"ಏ... ನಂದಾನ ಅಲ್ಲೇನ ನೀ?"

ಮಹಾನಂದಾ ಅಂಗಳದ ಅಂಚಿನಲ್ಲೇ ನಿಂತು ಹೇಳಿಬಿಟ್ಟರು. "ಹಾದಿ ತುಂಬ ಗಾಳಿ ನೀ ತಿಂದಿ. ನಾ ನಿನ್ನ ಹಿಂದ ಅಡಗಿ ಬಂದೆ. ಮಂದಿ ನನ್ನ ಹೊತ್ಗೊಂಡು ಕುಣದ್ರು... ನಾ ತಿರುಗಿ ಸೈತ ನೋಡಲಿಲ್ಲ ಕಸ್ತೂರಿ. ನಿನಗ ಸಿಟ್ಟಿರಬೇಕು ಅಂತ ಮುಖ ತೋರಸಾಕ ಧೈರ್ಯ ಆಗಲಿಲ್ಲ."

"ಮೊದಲ ಕುಂಡ್ರು. ನೀರ ಕುಡಿ," ಅಂದಳು ಕಸ್ತೂರಿ. ತಂಬಿಗೆ ಕೊಟ್ಟು ಪಕ್ಕದಲ್ಲೇ ಕೂತಳು.

"ಆ ರಸ್ತೆ ಇವತ್ತಿಗೂ ನನ್ನ ಕನಸಿನ್ಯಾಗ ಬರತೈತಿ, ನಂದಾ. ಯಾರು ಗೆದ್ರು, ಯಾರು ಸೋತ್ರು, ಅದೇನೂ ಇರೂದಿಲ್ಲ... ಬರೇ ರಸ್ತೆ, ಮಾರಿಗೆ ಬಡಿಯೋ ಗಾಳಿ... ಮತ್ತ ಬೆನ್ನ ಹಿಂದ ನಿನ್ನ ಉಸಿರಿನ ಸಪ್ಪಳ."

ರಾಶಿಯಿಂದ ಒಂದು ಹಣ್ಣು ಕೈಗೆತ್ತಿಕೊಂಡು ಮುಂದುವರಿಸಿದಳು.

"ಗುರ್ತಿಲ್ಲದ ಊರಿಗೆ ಸೊಸಿಯಾಗಿ ಬಂದಾಗ... ಚೊಚ್ಚಲ ಕೂಸು ಕೈಬಿಟ್ಟು ಹ್ವಾದಾಗ... ಆ ಕನಸು ಬಿದ್ರ ಸಾಕು, ಅಂಜಿಕಿ ಹೋಗತಿತ್ತು. ಹಿಂದ ನಂದಾ ಅದಾಳಲ್ಲ, ಅನಸ್ತಿತ್ತು."

ಮಹಾನಂದಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು.

"ಮತ್ತ ಒಂದ ದಿನಾನೂ ಯಾಕ ಬರಲಿಲ್ಲ ನೀ?"

"ನಿನ್ನ ಫೋಟೋ ಪೇಪರ್‌ನ್ಯಾಗ ಬರತಿತ್ತು. ದೊಡ್ಡಾಕಿ ಆಗ್ಯಾಳ, ನನ್ನ ಮರತಿರಬೇಕು ಅಂದ್ಕೊಂಡೆ..."

ಒಬ್ಬಳು ಸಿಟ್ಟಿರಬೇಕು ಅಂದುಕೊಂಡಳು, ಇನ್ನೊಬ್ಬಳು ಮರೆತಿರಬೇಕು ಅಂದುಕೊಂಡಳು. ಇಷ್ಟರಲ್ಲೇ ಅರ್ಧ ಆಯುಷ್ಯ ಕಳೆದುಹೋಗಿತ್ತು...

ಊಟ ಆಯಿತು. ಅತ್ತದ್ದಾಯಿತು, ನಕ್ಕದ್ದೂ ಆಯಿತು.

"ಪುಣೆಕ ನನ್ನ ಜೋಡಿ ಬಾ," ಅಂದರು ಮಹಾನಂದಾ.

"ನನಗೆಲ್ಲಿ ಇಂಗ್ಲಿಷ್ ಬರತೈತಿ?"

"ನನಗರ ಎಲ್ಲಿ ಬರತೈತಿ!"

ಇಳಿಬಿಸಿಲಿನಲ್ಲಿ ಮಹಾನಂದಾ, ಕಸ್ತೂರಿಯ ಮನೆಯಲ್ಲಿದ್ದ ಎರಡು ಹಳೆಯ ಸೈಕಲ್‌ಗಳನ್ನು ಹೊರಗೆ ತಂದರು. ಕಸ್ತೂರಿ ಸೀರೆ ಎತ್ತಿ ಕಟ್ಟಿದಳು. ಬೀದಿಯ ಹೆಂಗಸರು ಬಾಗಿಲಿಗೆ ಬಂದು ಬಾಯಿ ಮೇಲೆ ಬೆರಳಿಟ್ಟುಕೊಂಡು ನೋಡಿದರು.

ತೋಟ ದಾಟಿ ಬಯಲಿಗೆ ಬರುತ್ತಲೇ ಎದುರಿನಿಂದ ಗಾಳಿ ರಪ್ ಅಂತ ಬಡಿಯಿತು. ಅಭ್ಯಾಸ ಬಲದಿಂದ ಕಸ್ತೂರಿ ಮುಂದೆ ನುಗ್ಗಿದಳು. ಮಹಾನಂದಾ ಜೋರಾಗಿ ತುಳಿದು ಅವಳನ್ನು ದಾಟಿ, ಈ ಸಲ ತಿರುಗಿ ನೋಡಿದರು.

"ನನ್ನ ಬೆನ್ನಿಗೆ ಹತ್ತಿ ಬಾ ಕಸ್ತೂರಿ... ಇವತ್ತಿನ ಗಾಳಿ ನಂದು!"

ಹೊಂಬಿಸಿಲಿನಲ್ಲಿ ರಸ್ತೆ ಎಲ್ಲಿ ಮುಗಿಯುತ್ತದೋ, ಆಕಾಶ ಎಲ್ಲಿ ಶುರುವಾಗುತ್ತದೋ ತಿಳಿಯುತ್ತಿರಲಿಲ್ಲ...

ರೇಸ್ ಗೆಲ್ಲಲು ಮುಂದೆ ದಾಟಿದರೆ ಸಾಕು... ಜೊತೆಗಿದ್ದವರನ್ನು ಗೆಲ್ಲಲು ಹಿಂದಿರುಗಿ ಅವರ ಬಾಗಿಲಿಗೆ ಹೋಗಬೇಕು.

ನೀವು ಗೆದ್ದ ದಿನ ನಿಮಗಾಗಿ ಗಾಳಿ ಸೀಳಿಕೊಂಡು ಹೋದವರು ಯಾರು? ಅವರನ್ನು ಕೊನೆಯ ಸಲ ಮಾತಾಡಿಸಿದ್ದು ಯಾವಾಗ?