ಈ ಮನೆಯ ಸಿನಿಮಾ

ಪಡಸಾಲೆಯ ಕಂಪ್ಯೂಟರು ಸಿನಿಮಾವನ್ನು ಆಯಾ ಮನೆಯ ಮನಸ್ಸು ನೋಡಿಕೊಂಡು ತಿದ್ದಿ ತೋರಿಸುತ್ತದೆ ಎಂಬುದು ಶಿವಲೀಲಾಳಿಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಒಂದು ಮನೆಯಲ್ಲಿ ಹಾಡು ಉದ್ದವಾಗುತ್ತದೆ, ಇನ್ನೊಂದರಲ್ಲಿ ಹೊಡೆದಾಟ ಕಡಿಮೆಯಾಗುತ್ತದೆ, ಅಷ್ಟೇ. ಆದರೆ ಮದುವೆಯಾಗಿ ಗದಗಿಗೆ ಬಂದ ಮೊದಲ ಭಾನುವಾರ, ಚಿಕ್ಕಂದಿನಿಂದ ಬಾಯಿಪಾಠವಾಗಿದ್ದ ಸಿನಿಮಾವನ್ನು ಗಂಡನ ಮನೆಯವರೊಂದಿಗೆ ನೋಡುತ್ತ ಕುಳಿತವಳು ಕೊನೆಯಲ್ಲಿ ಕಕ್ಕಾಬಿಕ್ಕಿಯಾದಳು. ನಾಯಕಿ ಗಂಡನ ಕೈಗೆ ಚಹಾ ಕೊಟ್ಟು ನಕ್ಕಳು. ಪರದೆಯ ಮೇಲೆ ‘ಶುಭಂ’ ಬಂದೇಬಿಟ್ಟಿತು.

“ಆಕಿ ರೈಲು ಹತ್ತಲೇ ಇಲ್ಲಲ್ರೀ?” ಎಂದಳು.

“ಯಾವ ರೈಲು?” ಗಂಡ ಸಂಗಮೇಶ ನಕ್ಕ. “ಈ ಸಿನಿಮಾದಾಗ ರೈಲೇ ಇಲ್ಲ.”

“ಅದು ಬ್ಯಾರೆ ಸಿನಿಮಾ ಇದ್ದೀತವಾ,” ಎಂದರು ಮಾವ, ಚುರುಮುರಿ ಮೆಲ್ಲುತ್ತ.

ಇರಬಹುದೇ? ಮನೆ ಬಿಟ್ಟು, ಟ್ರಂಕು ಹಿಡಿದು ಪ್ಲಾಟ್‌ಫಾರಮ್ಮಿನಲ್ಲಿ ಓಡುವ ನಾಯಕಿ, ಅವಳು ಹತ್ತಿದ ಕೂಡಲೇ ಚಪ್ಪಾಳೆ ತಟ್ಟುತ್ತಿದ್ದ ಅವ್ವ, ಇದೆಲ್ಲ ತಾನೇ ಕಟ್ಟಿಕೊಂಡ ಕನಸೇ? ತವರಿನ ಕಂಪ್ಯೂಟರು ಸುಳ್ಳು ತೋರಿಸಿತ್ತೋ, ಇದು ತೋರಿಸುತ್ತಿದೆಯೋ? ಒಂದೂ ಬಗೆಹರಿಯದೆ ಖಾಲಿ ತಟ್ಟೆಗಳನ್ನೆತ್ತಿಕೊಂಡು ಅಡುಗೆಮನೆಗೆ ನಡೆದಳು.

ಜೊತೆಗೇ ಕುಳಿತು ಸಿನಿಮಾ ನೋಡಿದ್ದ ಅತ್ತೆ ನೀಲವ್ವ ಅವಳ ಹಿಂದೆಯೇ ಬಂದರು. ತಟ್ಟೆ ಮುಟ್ಟದೆ ಸುಮ್ಮನೆ ನಲ್ಲಿಯನ್ನು ಜೋರಾಗಿ ತಿರುಗಿಸಿದರು. ಆ ನೀರಿನ ಸದ್ದಿನ ಮರೆಯಲ್ಲಿ, ಪಡಸಾಲೆಗೆ ಕೇಳಿಸದಂತೆ ಸೊಸೆಯ ಕಿವಿಯ ಹತ್ತಿರ ಬಾಗಿದರು.

“ನಮ್ಮ ತವರಮನ್ಯಾಗೂ ಆಕಿ ಹತ್ತತಿದ್ದಳವಾ. ಕೈಯಾಗ ಕೆಂಪು ಟ್ರಂಕು ಇತ್ತು, ಹೌದಿಲ್ಲೋ?”